ಹಾವರಾಣಿಗಿಂತ ಮೊದಲ ನೀರು

ಮೊನ್ನಿ ಶಹಾಪುರದ ಬಸ್ ಸ್ಟ್ಯಾಂಡಿನಾಗ ಕುಂತಿದ್ದೆ. ಸುರಪುರದ ಬಸ್ಸು ಎಂದಿನಂಗ ಬರೋ ಹೊತ್ತಿಗೆ ಬಂದಿದ್ದಿಲ್ಲ. ಒಬ್ಬಾಕಿ ಆಪಿನ ಚಾಪಿ ಸುತ್ತಿ ಹೆಗಲ ಮ್ಯಾಲ ಹೊತಗೊಂಡು ಮಾರಾಕ ಬಂದಳು. ಆಪು ಅಂದ್ರ ಕೆರಿ ದಂಡಿಗೆ ಆಳೆತ್ತರ ಬೆಳಿಯೋ ಹುಲ್ಲು. ಅದನ್ನ ಕೊಯ್ದು, ಒಣಗಿಸಿ, ಹೆಣಿಯೋ ಮುಂದ ಮತ್ತ ನೀರು ಚಿಮಕಿಸಿ ಮೆತ್ತಗ ಮಾಡಕೋತಾರ. ಅಷ್ಟರಾಗ ಒಂದು ಅಡ್ಡಮಳಿ ಹೊಡೀತು. ಆಕಿ ಓಡಿ ಬಂದು ತೊಯ್ದ ಚಾಪಿ ಎಲ್ಲಾ ನನ್ನ ಬೆಂಚಿನ ಬುಡಕ ಒಟ್ಟಿದಳು. ಆ ಹಸಿ ಆಪಿನ ವಾಸನಿ ಮೂಗಿಗೆ ಬಡೀತು ನೋಡ್ರಿ, ನನಗ ಗೊತ್ತಿಲ್ಲದಂಗ ಎರಡೂ ಕಾಲು ಎತ್ತಿ ಬೆಂಚಿನ ಮ್ಯಾಲ ಇಟಗೊಂಡಿದ್ದೆ.

ಬಾಜೂಕ ಕುಂತ ಹಿರಿಯರು ಏನವ್ವ, ಹಾವು ಬಂತೇನು ಅಂತ ಕೇಳಿದರು. ಇಲ್ಲರಿ, ಅಂದೆ. ಹಾವಾಗಿದ್ರ ಇಷ್ಟು ಅಂಜತಿದ್ದಿಲ್ಲ ಅಂತ ಅವರಿಗೆ ಹೆಂಗ ಹೇಳಲಿ?

ನಾನು ಹುಟ್ಟಾ ಅಂಜುಬುರುಕಿ. ಅದನ್ನ ಮುಚ್ಚಿಟ್ಟು ಏನು ಮಾಡೂದದ? ಗುಡುಗಿಗೆ ಅಂಜತೀನಿ, ಎಮ್ಮಿ ಕೊಂಬಿಗೆ ಅಂಜತೀನಿ, ನೀರಿಗಂತೂ ಕೇಳಬ್ಯಾಡ್ರಿ. ಹೆಸರಿಗೆ ಅಂಬಿಗರ ಮಗಳು. ಆದ್ರ ತವರುಮನಿ ಕೊಂಕಲ್. ಅಲ್ಲಿ ನಮ್ಮಪ್ಪ ಹತ್ತಿ, ತೊಗರಿ ಬೆಳಿಯಾಂವ. ಹರಗೋಲು ಆತ ನೋಡಿದ್ದು ಮಂದಿ ಊರಾಗ. ಅಂಥವರ ಮಗಳನ್ನ ತಂದು ಬೋನಾಳದ ಕೆರಿ ದಂಡಿಗೆ ಕೊಟ್ಟರು. ಹಿತ್ತಲ ಬಾಗಲ ತಗದ್ರ ಸಾಕು, ಕಣ್ಣು ಹಾಯೂತನಕ ನೀರು, ನೀರಿನ ಮ್ಯಾಲ ಹಕ್ಕಿ. ನೋಡಾಕ ಬಂದ ಮಂದಿ ಎಷ್ಟು ಛಂದ ಅದ ಅಂತಿದ್ರು. ನಾ ಬಾಗಲ ಹಿಡಕೊಂಡು ನಿಂತು ನೋಡತಿದ್ದೆ, ಹೊಸ್ತಿಲ ದಾಟತಿದ್ದಿಲ್ಲ.

ಆ ಮನ್ಯಾಗ ನಮ್ಮತ್ತಿ, ನಮ್ಮವರು, ನಾನು, ಮೂರ ಮಂದಿ. ಮಾವ ತೀರಿ ಹೋಗಿ ಭಾಳ ದಿನ ಆಗಿತ್ತು. ನಾದಿನಿ ರೇಣವ್ವನ್ನ ಸುರಪುರಕ್ಕ ಕೊಟ್ಟಿದ್ರು. ನಮ್ಮವರು ಕೆರ್ಯಾಗ ಬಲಿ ಹಾಕಿ, ಮೀನು ಹಿಡದು ಸುರಪುರದ ಸಂತಿಗೆ ಒಯ್ಯತಿದ್ರು. ಹೆಣಮಕ್ಕಳು ಆಪು ಕೊಯ್ದು ಚಾಪಿ ಹೆಣಿಯೂದು. ಬಂದ ಮೊದಲನೇ ದಿನ ನಮ್ಮತ್ತಿ ನನಗ ಕೆಲಸ ಕಲಿಸೋ ಮೊದಲ ಒಂದು ಹಿತ್ತಾಳಿ ತಂಬಿಗಿ ತುಂಬ ನೀರು ತಂದು ನನ್ನ ಬಲಗೈ ಕಡೆ ಇಟ್ಟಳು. ಕುಡಿಯಾಕ ಅಂತ ಎತ್ತಿದೆ. ಗಪ್ಪನ ಕೈ ಹಿಡದಳು. ಅದು ಕುಡಿಯೋ ನೀರಲ್ಲ, ಕಾವಲ ನೀರು ಅಂದಳು.

ಯಾವುದರ ಕಾವಲು ಅಂತ ನಾ ಕೇಳಲಿಲ್ಲ. ನನಗ ಗೊತ್ತಿತ್ತು. ಕೊಂಕಲ್‌ದಾಗೂ ಅದ ಮಾತು ಹೇಳತಿದ್ರು. ಹಾವರಾಣಿ ಕಚ್ಚಿದ್ರ ಓಡಿ ಹೋಗಿ ನೀರು ಮುಟ್ಟಬೇಕು. ಅದಕ್ಕಿಂತ ಮೊದಲ ನಾವು ಮುಟ್ಟಿದ್ರ ಅದು ಸಾಯತದ. ಅದು ಮೊದಲ ಮುಟ್ಟಿದ್ರ ಹೊತ್ತು ಮುಳುಗೂದರೊಳಗ ನಾವು ಸಾಯತೀವಿ. ಕೊಂಕಲ್‌ದಾಗ ಈ ಮಾತಿಗೆ ನಾ ಅಷ್ಟು ಅಂಜಿದ್ದಿಲ್ಲ. ಅಲ್ಲಿ ನೀರು ನಮಗೂ ದೂರ, ಅದಕ್ಕೂ ದೂರ. ಬೋನಾಳದಾಗ ಆ ಹಾಳಾದ್ದು ನೀರಾಗ ಸಂಸಾರ ಮಾಡತಿತ್ತು. ಓಟದಾಗ ಅದನ್ನ ಗೆಲ್ಲೂದು ಹೆಂಗ? ಅದಕ್ಕ ಈ ಮಂದಿ ಓಡೂದ ಬಿಟ್ಟು ತಂಬಿಗಿ ಬಾಜೂಕ ಇಟಗೊಂಡಿದ್ರು.

ಹಾವರಾಣಿ ನೋಡಿಲ್ಲದವರಿಗೆ ಹೇಳತೀನಿ. ಹಲ್ಲಿಗೆ ಅಣ್ಣ, ಹಾವಿಗೆ ತಮ್ಮ. ಗೇಣುದ್ದ ಮೈ, ಎಣ್ಣಿ ಹಚ್ಚಿ ತಿಕ್ಕಿದ ಹಿತ್ತಾಳಿಯಂಗ ಹೊಳಪು, ನಾಕು ಗಿಡ್ಡ ಕಾಲು. ಕಾಲು ಕಾಣಲಿಲ್ಲ ಅಂದ್ರ ಹಾವ ಅನಬೇಕು. ನಮ್ಮ ಹಿತ್ತಲದಾಗ ಬಟ್ಟಿ ಒಗಿಯೋ ಕಲ್ಲಿತ್ತು, ಅದರ ಬುಡಕ ಒಂದು ಇರತಿತ್ತು. ಬ್ಯಾಸಗಿ ದಿನ, ಬಿಸಲು ಏರಿದ ಮ್ಯಾಲ ಬಂದು ಕಲ್ಲಿನ ಮ್ಯಾಲ ಹೊಟ್ಟಿ ಹಚ್ಚಿ ಮಲಗೂದು. ನಾ ಬಾಗಲದಾಗ ನಿಂತು ಅದನ್ನ ನೋಡೂದು. ಅಂಜಿಕಿ ಇದ್ದಲ್ಲೇ ಕಣ್ಣು ಹೋಗತದ ಅಂತಾರಲ್ಲ, ಹಂಗ. ರೊಟ್ಟಿ ಬಡಿಯೋ ಮುಂದ ಸೈತ ಒಂದು ಕಣ್ಣು ಆ ಕಲ್ಲಿನ ಮ್ಯಾಲ. ಅದು ಎಲ್ಲದ ಅಂತ ಗೊತ್ತಿದ್ರ ನನಗ ಅರ್ಧ ಧೈರ್ಯ, ಕಾಣಲಿಲ್ಲ ಅಂದ್ರ ಕಾಲಾಗ ಜೀವ ಇರತಿದ್ದಿಲ್ಲ.

ಹಂಗ ನೋಡಿ ನೋಡಿ ಅದರ ಜಾತಕಾನೇ ನನಗ ಬಾಯಿಪಾಠ ಆತು. ಹದ್ದಿನ ನೆರಳು ಬಿದ್ರ ಸಾಕು, ಕಲ್ಲಿನಿಂದ ಜಾರಿ ನೀರಿಗಿಳಿಯೂದು. ಬುಳಕ್ ಅನ್ನೋ ಸಪ್ಪಳ ಸೈತ ಇಲ್ಲ. ಕಪ್ಪಿ ಹಂಗ ಕಾಲು ಬಡಿಯೂದಿಲ್ಲ, ನಾಕೂ ಕಾಲು ಮೈಗೆ ಹಚ್ಚಿ ಬಾಲ ಆಡಿಸಕೋತ ಹೋಗೂದು. ನೀರು ತಿಳಿ ಇದ್ದಾಗ ತಳದಾಗ ಕಾಣಸತಿತ್ತು. ಆಪಿನ ಬೇರು ಹಿಡಕೊಂಡು ಗಪ್ಪಗ ಕುಂತಿರೂದು. ನಾ ಹಿಡದ ಉಸಿರು ಬಿಟ್ಟು, ಮತ್ತ ಹಿಡದು, ಮತ್ತ ಬಿಟ್ಟರೂ ಅದು ಏಳತಿದ್ದಿಲ್ಲ. ಆಮ್ಯಾಲ ಮೂಗಿನ ತುದಿ ಅಷ್ಟ ಮ್ಯಾಲ ಬರತಿತ್ತು. ಆಪಿನ ದಂಟು ಏರಿ ರೆಕ್ಕಿ ಒಣಗಿಸಕೊಳ್ಳೋ ಹುಳ ಹಿಡೀತಿತ್ತು, ದಂಡ್ಯಾಗಿನ ಸಣ್ಣ ಸೀಗಡಿ ಹಿಡದು ಕಲ್ಲಿಗೆ ಬಡಬಡದು ನುಂಗತಿತ್ತು. ಹೊಟ್ಟಿ ತುಂಬಿದ ಮ್ಯಾಲ ತಿರುಗಿ ಬಂದು ಅದ ಕಲ್ಲು, ಅದ ಜಾಗಾ. ಮಿರಗದ ಮೋಡ ಕಟ್ಟೂ ಹೊತ್ತಿಗೆ ಅದರ ಎರಡೂ ಪಕ್ಕಿ ಕುಂಕುಮ ಹಚ್ಚಿದಂಗ ಕೆಂಪಾದವು. ಇನ್ನೊಂದು ಬಂತು, ಎರಡೂ ಕೂಡಿ ಬೆನ್ನಟ್ಟಾಡಿದವು. ನನಗ ಎದಿ ಧಸಕ್ ಅಂತು. ಒಂದಿದ್ದದ್ದು ಇನ್ನ ಎಷ್ಟಾಗತಾವೋ ಅಂತ.

ಅದ ದಿನಮಾನದಾಗ ಒಂದು ಮಾತು ನಡೀತು. ಬಾಜೂ ಮನಿ ಖಾಜಾಬಿ ಅಂತ, ಊರೂರು ಬಳಿ ಮಾರಾಕ ಹೋಗಾಕಿ, ಮನ್ಯಾಗ ಒಂದು ಆಡಿನ ಮರಿ ಕಟ್ಟಿದ್ದಳು. ಆ ಮರಿ ಹಗ್ಗ ಹರಕೊಂಡು ಬಂದು ಕಲ್ಲಿನ ಮ್ಯಾಲಿನ ಹಾವರಾಣಿಗೆ ಮೂತಿ ಹಚ್ಚಿ ಮೂಸೀತು. ಅದು ಲಬಕ್ಕನ ಮೂತಿಗೆ ಕಚ್ಚಿ ಹಿಡೀತು. ಮರಿ ಒದರಿ ಝಾಡಿಸಿತು, ಹಾವರಾಣಿ ಬಿದ್ದು ಸೀದಾ ನೀರಿಗೆ. ನಾ ಓಡಿ ಹೋಗಿ ಖಾಜಾಬಿಗೆ ನಿನ್ನ ಮರಿ ಇವತ್ತ ಸಂಜಿಗೆ ಸಾಯತದ ಅಂತ ಹೇಳಿಬಿಟ್ಟೆ. ಆಕೀಗೂ ಪಾಪ ಖರೇ ಅನಿಸಿತು. ಸಾಯೂದರೊಳಗ ಹಲಾಲ್ ಮಾಡಿಸಿದ್ರ ಮಾಂಸರೇ ದಕ್ಕತದ ಅಂತ ಗಂಡನ ಹಾದಿ ಕಾಯಕೋತ ಕುಂತಳು. ಆತ ಬರೂದರಾಗ ಹೊತ್ತು ಮುಳುಗಿತು. ಮರಿ ನಮ್ಮ ಚಾಪಿ ಅಂಚು ಮೆಲ್ಲಾಕತ್ತಿತ್ತು. ಖಾಜಾಬಿ ನನ್ನ ನೋಡಿ ನೋಡಿ ನಕ್ಕಳು. ನಾನೂ ನಕ್ಕೆ, ಆದ್ರ ತಂಬಿಗಿ ಮಾತ್ರ ಬಿಡಲಿಲ್ಲ. ಆಡಿನ ಹಣಿಬಾರ ಬ್ಯಾರೆ, ನಮ್ಮದು ಬ್ಯಾರೆ.

ಆಷಾಢಕ್ಕ ತವರಿಗೆ ಹೋದೆ. ಹೋಗೂ ಮುಂದ ಕೆರಿ ಆ ಕಡೆ ಇತ್ತು, ತಿರುಗಿ ಬರೂದರಾಗ ಹಿತ್ತಲಕ್ಕ ಬಂದಿತ್ತು. ಆರಿದ್ರಾ ಮಳಿ ಹಿಡದದ್ದು ಬಿಟ್ಟಿದ್ದಿಲ್ಲ. ಒಡ್ಡಿನ ಕಲ್ಲುಸಂದಿ ಎಲ್ಲಾ ಮುಳುಗಿದ್ದವು. ಸಂದಿ ಮುಳುಗಿದ ಮ್ಯಾಲ ಅದರಾಗಿನ ಮಂದಿ ಎಲ್ಲಿಗೆ ಹೋಗಬೇಕು? ಹಾವರಾಣಿ ಎಲ್ಲಾ ಸೀದಾ ನಮ್ಮ ಹಿತ್ತಲಕ್ಕ ಬಂದಿದ್ವು. ಒಲಿ ಮಗ್ಗಲಿಗೆ, ಕಟಗಿ ಒಟ್ಟಲದಾಗ, ಎಲ್ಲಾಕಿಂತ ಹೆಚ್ಚಾಗಿ ತಗಡಿನ ಬುಡಕ ಒಟ್ಟಿದ ಆಪಿನ ಹೊರಿಯೊಳಗ. ಹಸಿ ಆಪು ಒಳಗೊಳಗ ಬೆಚ್ಚಗ ಇರತದ, ಹುಳ ಇರತಾವ, ಅದಕ್ಕ ಅರಮನಿ ಸಿಕ್ಕಂಗ. ಒಂದು ಹೊರಿ ಎತ್ತಿದ್ರ ಕೆಳಗ ಬೆಳ್ಳನ್ನ ತತ್ತಿ ಕಂಡವು, ಉದ್ದನ್ನವು, ಮುಟ್ಟಿದ್ರ ಮೆತ್ತಗ. ನಾ ಮುಟ್ಟಲಿಲ್ಲ. ನಮ್ಮತ್ತಿ ಮುಟ್ಟಿ ಹೇಳಿದ್ದು. ಅಂಜಿದವರ ಮ್ಯಾಲ ಹಾವು ಒಗದಂಗ ಆಗಿತ್ತು ನನ್ನ ಬಾಳೇವು.

ರೇಣವ್ವ ಪಂಚಮಿಗೆ ತವರಿಗೆ ಬಂದಾಕಿ ಹಂಗ ಉಳದಳು. ಬಸರಿ, ಏಳು ತುಂಬಿತ್ತು. ಅದಕ್ಕೂ ಹಿಂದಿನ ವರ್ಷ ಒಂದು ನಿಂತು ಮೂರರಾಗ ಹೋಗಿತ್ತು. ಅದಕ್ಕ ಈ ಕೂಸಿನ ಮ್ಯಾಲ ಆಕೀಗೆ, ನಮ್ಮತ್ತಿಗೆ, ಎಲ್ಲಾರಿಗೂ ಜೀವ. ನನಗಿಂತ ವಯಸ್ಸಿಲೆ ಸಣ್ಣಾಕಿ, ಆದ್ರ ಬಾಯಿ ದೊಡ್ಡದು. ವೈನಿ, ನೀ ಅಂಬಿಗರ ಮನಿ ಸೊಸಿ ಅಲ್ಲ, ಬೆಕ್ಕು ಅಂತ ಕಾಡತಿದ್ದಳು. ಬೆಕ್ಕ ಹಂಗ ನೀರಿಗೆ ಅಂಜತೀದಿ ಅಂತ. ನೀರಿಗೆ ಅಂಜದ ಹೆಣಮಗಳು ಆಕಿ, ಹರಗೋಲು ಹುಟ್ಟು ಹಾಕಿ ಕೆರಿ ನಡುವ ಹೋಗಿ ಬರಾಕಿ. ಆದ್ರ ಹಾವರಾಣಿ ಅಂದ್ರ ಆಕೀಗೂ ಮೈ ಝುಮ್ ಅಂತಿತ್ತು.

ಅವತ್ತ ಮುಂಜಾನಿ ಮಳಿ ಜರಾ ನಿಂತು ಹೊರಪು ಕೊಟ್ಟಿತ್ತು. ನಮ್ಮವರು ಮೊದಲನೇ ಬಸ್ಸಿಗೆ ಮೀನು ತಗೊಂಡು ಸುರಪುರಕ್ಕ ಹೋಗಿದ್ರು. ಮನ್ಯಾಗಿದ್ದ ಒಂದ ಮೊಬೈಲು ಅವರ ಕಿಸೇದಾಗ ಹೋಗಿತ್ತು. ನಮ್ಮತ್ತಿ ಒಳಗ ಒಲಿ ಮುಂದ. ರೇಣವ್ವ ಹಿತ್ತಲ ತಗಡಿನ ಬುಡಕ ಕಾಲು ಚಾಚಿ ಕುಂತು ಚಾಪಿ ಹೆಣ್ಯಾಕತ್ತಿದ್ದಳು. ನಾ ಬಾಗಲದಾಗ ಅಕ್ಕಿ ಹಸನ ಮಾಡಾಕತ್ತಿದ್ದೆ. ಒಲಿ ಮ್ಯಾಲ ತೂಗಹಾಕಿದ ಆಪು ಭಾಳ ಒಣಗಿತ್ತು, ಮಣಿಸಿದ್ರ ಲಟಕ್ ಅಂತ ಮುರೀತಿತ್ತು. ಆಕಿ ಬಾಜೂಕಿದ್ದ ಕಾವಲ ತಂಬಿಗಿಯಿಂದ ಒಂದು ಬೊಗಸಿ ಚಿಮಕಿಸಿದಳು. ಸಾಲಲಿಲ್ಲ, ಇನ್ನೊಂದು. ಹಂಗ ಮಾಡಕೋತ ತಂಬಿಗಿ ಬರಿದಾತು. ಹೆಣಿಯೂದು ಬಿಟ್ಟು ಏಳೂದು ಬಸರಿಗೆ ಬ್ಯಾಸರ. ಈ ಒಂದು ಪಟ್ಟಿ ಮುಗೀಲಿ, ಆಮ್ಯಾಲ ತುಂಬಿಸಿದ್ರಾತು ಅಂದಳು. ಅಂದು, ಹೊಸ ಹೊರಿಯೊಳಗ ಕೈ ಹಾಕಿದಳು.

ಆಕಿ ಚೀರಲಿಲ್ಲ. ಉಸಿರು ಒಳಗ ಎಳಕೊಂಡ ಸಪ್ಪಳ ಬಂತು, ಅಷ್ಟ. ಕೈ ಹೊರಗ ಬಂದಾಗ ಕಿರಿಬೆರಳಿಗೆ ಹಾವರಾಣಿ ಜೋತ ಬಿದ್ದಿತ್ತು. ನಾ ಕಣ್ಣಾರೆ ಕಂಡೆ, ಹಾವಲ್ಲ, ನಾಕೂ ಕಾಲು ಆಡಾಕತ್ತಿದ್ವು. ಆಕಿ ಝಾಡಿಸಿದಳು, ಅದು ಬಿತ್ತು. ಆಕಿ ತಂಬಿಗಿ ಎತ್ತಿ ಕೈಮ್ಯಾಲ ಬೋರಲ ಹಾಕಿದಳು. ಒಂದು ಹನಿ ಇದ್ದಿಲ್ಲ.

ಆಗ ಓಡಿದಳು. ಆ ಹೊಟ್ಟಿ ಹೊತಗೊಂಡು, ಆ ರಾಡ್ಯಾಗ, ಕೆರಿ ಕಡೆ. ನಾ ಮೊರ ಒಗದು ಬೆನ್ನ ಹತ್ತಿದೆ. ಬ್ಯಾಡ ರೇಣವ್ವ, ಜಾರತದ, ಬ್ಯಾಡ ಅಂತ ಒದರಕೋತ. ನೀರು ಇನ್ನೇನು ಎರಡು ಮಾರು ಇತ್ತು. ಆಕಿ ಕಾಲಸಂದ್ಯಾಗಿಂದ ಹಿತ್ತಾಳಿ ಹೊಳಪು ಸರಕ್ ಅಂತ ಮುಂದ ಹೋತು. ನೀರಾಗ ಇಳೀತು. ಒಂದು ತೆರಿ ಸೈತ ಏಳಲಿಲ್ಲ.

ರೇಣವ್ವ ನಿಂತಲ್ಲೇ ನಿಂತಳು. ಆಮ್ಯಾಲ ರಾಡ್ಯಾಗ ಕುಂತುಬಿಟ್ಟಳು. ನೀರು ಕಾಲ ಮುಂದ ಇತ್ತು, ಕೈ ಚಾಚಿದ್ರ ಸಿಗತಿತ್ತು. ಚಾಚಲಿಲ್ಲ. ಇನ್ನ ಮುಟ್ಟಿ ಏನು ಮಾಡೂದು ಅನ್ನಂಗ ಅದನ್ನ ನೋಡಕೋತ ಕುಂತಳು.

ನಾನು, ನಮ್ಮತ್ತಿ ಕೂಡಿ ಎತ್ತಿ ತಂದು ಪಡಸಾಲ್ಯಾಗ ಹೊರಸಿನ ಮ್ಯಾಲ ಮಲಗಿಸಿದಿವಿ. ಬೆರಳಿಗೆ ಏನೂ ಆಗಿದ್ದಿಲ್ಲ, ಮುಳ್ಳು ಗೀರಿದಂಥ ಸಣ್ಣ ಗೀರು. ಆದ್ರ ಕೈಕಾಲು ಮಂಜಿನಂಗ ತಣ್ಣಗಾದವು, ತುಟಿ ಬೆಳ್ಳಗಾತು, ಹಲ್ಲು ಕಚ್ಚಿದವು. ಅತ್ತಿ ಬಾಯಿಗೆ ನೀರು ಹಿಡದ್ರ ಬಾಯಿ ತೆರೀಲಿಲ್ಲ. ಮಗಳು ಹೊಂಟಳು ಅಂತ ಅತ್ತಿ ಎದಿ ಬಡಕೊಂಡು, ಟಂಟಂ ಗಾಡಿ ತರತೀನಿ, ಸುರಪುರದ ದವಾಖಾನಿಗೆ ಒಯ್ಯೋಣು ಅಂತ ಬರಿಗಾಲಿಲೆ ಓಡಿದಳು. ಮನ್ಯಾಗ ನಾವಿಬ್ಬರ ಉಳದಿವಿ.

"ವೈನಿ, ಹೊತ್ತು ಎಷ್ಟಾತು?" ಅಂದಳು ರೇಣವ್ವ.

ಇನ್ನ ಮುಂಜಾನಿ ಅದ ಅಂದೆ. ಸ್ವಲ್ಪ ಹೊತ್ತಿಗೆ ಮತ್ತ ಅದನ್ನ ಕೇಳಿದಳು. ಆಮ್ಯಾಲ ಕೇಳೂದು ಬಿಟ್ಟು ಹೊಟ್ಟಿ ಹಿಡಕೊಂಡಳು. ನನ್ನ ಕೈ ತಗೊಂಡು ಹೊಟ್ಟಿ ಮ್ಯಾಲ ಇಟಗೊಂಡಳು. ಹೊಟ್ಟಿ ಕಲ್ಲಾಗಿತ್ತು. ಸಡಲಾತು, ಮತ್ತ ಕಲ್ಲಾತು. ನನಗ ಮಕ್ಕಳು ಆಗಿದ್ದಿಲ್ಲ, ಆದ್ರೂ ಅಷ್ಟು ತಿಳೀತಿತ್ತು. ಏಳು ತಿಂಗಳಿಗೆ ಕೂಸು ಬರಾಕತ್ತದ. ಅದನ್ನ ತರಾಕತ್ತಿದ್ದು ಆ ಗೀರಲ್ಲ, ಅಂಜಿಕಿ. ಹುಟ್ಟಿದಾಗಿಂದ ಅಂಜಕೋತ ಬಂದಾಕಿ ನಾನು, ಅಂಜಿಕಿ ಮಾರಿ ನನಗಿಂತ ಛಲೋ ಯಾರಿಗೆ ಗೊತ್ತು?

ಆಡಿನ ಮರಿ ಕತಿ ಹೇಳಿದೆ. ಮೂತಿಗೆ ಕಚ್ಚಿತ್ತು ರೇಣವ್ವ, ಅದು ಮೊದಲ ನೀರು ಮುಟ್ಟಿತ್ತು, ಮರಿ ಇವತ್ತಿಗೂ ನಮ್ಮ ಚಾಪಿ ತಿನ್ನಾಕತ್ತದ ಅಂದೆ. ಆಕಿ ಕಣ್ಣು ಮುಚ್ಚಿಕೊಂಡ ಹೇಳಿದಳು. "ಆಡಿಗೆ ಏನು ಗೊತ್ತು ವೈನಿ."

ಖರೇನ ಹೇಳತಾಳ ಅನಿಸಿತು ನನಗ. ಆಡಿಗೆ ಈ ಮಾತು ಯಾರೂ ಹೇಳಿದ್ದಿಲ್ಲ. ಹೇಳಿದ್ರ ಅದೂ ಸಾಯತಿತ್ತೇನೋ. ಇಕೀಗೆ ಈಗ ಬಾಯಿಲೆ ಏನು ಹೇಳಿದ್ರೂ ತಲಿಗೆ ಹೋಗೂದಿಲ್ಲ. ಈ ಮಾತು ಗೊತ್ತಿದ್ದಾಕಿ ಒಬ್ಬಾಕಿ, ಕಚ್ಚಿಸಿಕೊಂಡು, ನೀರು ಮುಟ್ಟದ, ಇಕಿ ಕಣ್ಣ ಮುಂದ ಹೊತ್ತು ಮುಳುಗೂತನಕ ಬದುಕಿ ತೋರಿಸಬೇಕು. ಅಂಥಾಕಿ ಯಾರು ಅಂತ ಮನ್ಯಾಗ ಸುತ್ತೂಕಡೆ ನೋಡಿದೆ. ಯಾರಿದ್ದಾರ? ಗ್ವಾಡಿ ಅದ, ನಾ ಇದೀನಿ.

ಹೆಂಗ ಎದ್ದೆ, ಹೆಂಗ ಹಿತ್ತಲಕ್ಕ ಹೋದೆ, ಗೊತ್ತಿಲ್ಲ. ಬಟ್ಟಿ ಒಗಿಯೋ ಕಲ್ಲಿನ ಅರ್ಧಕ್ಕ ನೀರು ಬಂದಿತ್ತು, ಮನಿ ಕಡೆ ಅರ್ಧ ಒಣಾ ಇತ್ತು. ಅಲ್ಲೇ ಮಲಗಿತ್ತು ನನ್ನ ಹಳೇ ವೈರಿ, ಪಕ್ಕಿ ಕೆಂಪಿಂದು. ಮೀನಿನ ಬುಟ್ಟಿ ಅದರ ಮ್ಯಾಲ ಬೋರಲ ಹಾಕಿದೆ. ಬುಟ್ಟಿ ಒಳಗ ಕೈ ಹಾಕಬೇಕು. ಬಲಗೈ ಹಾಕಲೋ ಎಡಗೈ ಹಾಕಲೋ ಅಂತ ಆ ಹೊತ್ತಿನಾಗ ವಿಚಾರ ಬಂತು, ನಗಬ್ಯಾಡ್ರಿ, ರೊಟ್ಟಿ ಬಡಿಯೋ ಕೈ ಉಳೀಲಿ ಅಂತ ಎಡಗೈ ಹಾಕಿದೆ. ಕೈ ಒಳಗ ಹೋಗಲಿಲ್ಲ. ಮತ್ತ ಹಾಕಿದೆ, ಮತ್ತ ತಾನ ಹಿಂದ ಬಂತು. ಕಣ್ಣಾಗ ನೀರು ಬಂತು. ಪಡಸಾಲ್ಯಾಗಿಂದ ರೇಣವ್ವನ ನರಳಿಕಿ ಕೇಳಿಸಿತು. ಕಣ್ಣು ಮುಚ್ಚಿ ತುರುಕಿಬಿಟ್ಟೆ.

ಅರದಿಂದ ತಿಕ್ಕಿದಂಗ ಆತು. ಹಲ್ಲಂದ್ರ ಹಲ್ಲೂ ಅಲ್ಲ, ಉಸಕಿನ ಸಾಲು. ಬೆರಳು ಹಿಡದದ್ದು ಬಿಡಲಿಲ್ಲ. ತಣ್ಣನ್ನ ಹೊಟ್ಟಿ ನನ್ನ ಅಂಗೈಗೆ ಹತ್ತಿತ್ತು, ಅದರ ಎದಿ ಡಬಡಬ ಬಡಕೊಳ್ಳಾಕತ್ತಿತ್ತು. ನನಗಿಂತ ಜೋರ. ಅಂಜಿತ್ತು ಪಾಪ, ನನ್ನಂಗ. ಹಂಗ ಜೋತಾಡೂದನ್ನ ಹಿಡಕೊಂಡು ಪಡಸಾಲಿಗೆ ಬಂದು ಹೊರಸಿನ ಮುಂದ ನಿಂತೆ.

"ರೇಣವ್ವ, ಕಣ್ಣು ತೆರಿ. ನೋಡು."

ಕಣ್ಣು ತೆರದಳು. ನೋಡಿದಾಕಿ ಎದ್ದು ಕುಂತಳು. ಆಕಿ ನೋಡಾಕತ್ತಂಗ ನಾ ಹಿತ್ತಲ ಬಾಗಲಿಗೆ ಹೋಗಿ ಕೈ ಬಾಗಿಸಿದೆ. ಅದು ಬೆರಳು ಬಿಟ್ಟು, ಅಂಗಳ ದಾಟಿ, ಸೀದಾ ಕೆರ್ಯಾಗ ಇಳೀತು.

"ಅದು ಮುಟ್ಟಿತು. ನಾ ಮುಟ್ಟಿಲ್ಲ" ಅಂದೆ. "ಇನ್ನ ನಿನ್ನ ಹೊತ್ತೂ ನನ್ನ ಹೊತ್ತೂ ಒಂದ. ನಾ ಸತ್ತರ ನೀ ಸಾಯಿ. ಅಲ್ಲೀತನಕ ಗಪ್ಪ ಕೂಡು."

ಇಷ್ಟು ಅಂದು ಬಾಗಲಕ್ಕ ಆತು ಕುಂತುಬಿಟ್ಟೆ.

ಅತ್ತಿ ತಿರುಗಿ ಬಂದಳು. ಟಂಟಂ ಸಿಕ್ಕಿತ್ತು, ಆದ್ರ ನಡುವ ಹಳ್ಳ ಬಂದಿತ್ತು. ನೀರು ಇಳಿಯೂತನಕ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ನನ್ನ ಬೆರಳು ನೋಡಿ, ರೇಣವ್ವನ ಬಾಯಿಲೆ ಎಲ್ಲಾ ಕೇಳಿ, ಅತ್ತಿ ಕಂಬ ಹಿಡಕೊಂಡು ಕುಸದಳು. ಒಂದು ಹೆಣ ಹೊರತೀನಿ ಅಂತ ಬಂದ್ರ ಎರಡು ಮಾಡಿಟ್ಟೀಯಲ್ಲ ಹುಚ್ಚಿ, ನಿಮ್ಮಪ್ಪಗ ಏನು ಹೇಳಲಿ ಅಂತ ಅತ್ತಳು. ಗದ್ದಲ ಕೇಳಿ ಖಾಜಾಬಿ ಬಂದಳು. ಆಕಿ ಬೈಯಲಿಲ್ಲ. ನನ್ನ ಮಗ್ಗಲಿಗೆ ಕುಂತು ನನ್ನ ಎಡಗೈ ತನ್ನ ಸೆರಗಿನಾಗ ಸುತ್ತಿಕೊಂಡಳು. ಬರೇ ಎಂಟು ದಿನ ತಾಯಿ ಹಾಲು ಕುಡದ ನನ್ನ ಆಡಿನ ಮರಿನೇ ಉಳೀತವ್ವ, ನೀ ಅದಕ್ಕಿಂತ ಗಟ್ಟಿ ಅದೀದಿ ಅಂದಳು. ಸಮಾಧಾನಕ್ಕ ಅಂದಿದ್ದು.

ಆಮ್ಯಾಲ ಕಾಯೂದು. ನಾ ಧೈರ್ಯವಂತಿ ಅಂತ ಯಾರರೇ ಅಂದ್ರ ಆ ಮಧ್ಯಾಹ್ನ ನನ್ನ ಎದಿಯೊಳಗ ಬಂದು ನೋಡಬೇಕಿತ್ತು ಅಂತೀನಿ. ಮಳಿ ಮತ್ತ ಹಿಡೀತು. ತಗಡಿನ ತೂತಿನಿಂದ ಹನಿ ಬೀಳತಿದ್ವು, ಒಂದು ಹನಿ ಮೈಮ್ಯಾಲ ಬಿದ್ದರೂ ಪರೀಕ್ಷಾ ಕೆಡತದ ಅಂತ ನಾ ಪಡಸಾಲಿ ತುಂಬ ಸರಕೋತ ಸರಕೋತ ಕುಂದರತಿದ್ದೆ. ಸುತ್ತ ನೀರು, ಕೆರಿ ನೀರು, ಹರವಿ ನೀರು, ಮ್ಯಾಲಿಂದ ಬೀಳೋ ನೀರು, ಅದರ ನಡುವ ನಾನೊಬ್ಬಾಕಿ ಒಣಾ. ಬೆರಳು ಸ್ವಲ್ಪ ಕೆಂಪಾತು. ಮೊಣಕೈ ಕಡದ್ರ ವಿಷ ಏರಾಕತ್ತದ ಅನಿಸೂದು, ಕಣ್ಣು ಮಂಜಾದ್ರ ಮುಗೀತು ಅನಿಸೂದು. ಆಡಿಗೆ ಯಾರೂ ಹೇಳಿದ್ದಿಲ್ಲ. ನನಗ ಹೇಳ್ಯಾರಲ್ಲ! ಹಾಲು ಕುಡಿಯೋ ವಯಸ್ಸಿನಿಂದ ಹೇಳ್ಯಾರ. ವಿಷ ಇಲ್ಲ ಅಂತ ತಲಿ ಹೇಳತಿತ್ತು, ತಲಿ ಮಾತು ಕೈಕಾಲು ಕೇಳತಿದ್ದಿಲ್ಲ.

ಒಂದು ಹೊತ್ತಿನಾಗಂತೂ ತುಟಿ ಜೋಮು ಹಿಡದಂಗಾತು. ನಾಲಿಗಿ ಅಂಗುಳಕ್ಕ ಹತ್ತಿತು. ಸಾಕು, ಯಾರು ಸತ್ರೇನು ಉಳದ್ರೇನು ಅಂತ ಎದ್ದು ಹರವಿ ಕಡೆ ನಡದೆ. ತಂಬಿಗಿ ಹಿಡಕೊಂಡೆ ಸೈತ. ಹಿಂದಿನಿಂದ ರೇಣವ್ವ ಅಂದಳು.

"ಕುಡಿಬ್ಯಾಡ ವೈನಿ. ನೀ ಕುಡದ್ರ ನನಗ ಹೆಂಗ ಗೊತ್ತಾಗಬೇಕು?"

ನನಗ ಸಿಟ್ಟು ಬಂತು. ನಾ ಸಾಯಾಕತ್ತೀನಿ, ಇಕೀಗೆ ಗೊತ್ತಾಗಬೇಕಂತ. ತಿರುಗಿ ಬೈಬೇಕಂತ ನೋಡಿದ್ರ ಆಕಿ ಹೊರಸಿನಿಂದ ಕಾಲು ಇಳಿಬಿಟ್ಟು ಕುಂತಿದ್ದಳು. ಮುಂಜಾನಿಂದ ಹಲ್ಲು ಕಚ್ಚಿಕೊಂಡು ಸಾಯಾಕ ಮಲಗಿದ್ದಾಕಿ, ಈಗ ಗೊತ್ತಾಗಬೇಕು ಅನ್ನಾಕತ್ತಾಳ. ಅಂದ್ರ ಬದುಕಬೇಕು ಅನ್ನಾಕತ್ತಾಳ. ತಂಬಿಗಿ ಇಟ್ಟು ಬಂದು ಆಕಿ ಕಾಲ ಹತ್ತರ ಕುಂತೆ.

ಅಲ್ಲಿಂದ ಆಕಿ ನನ್ನ ಬಿಡಲಿಲ್ಲ. ನಾಲಿಗಿ ತಗಿ ಅನ್ನೂದು, ನೋಡೂದು. ಅಂಗಾಲು ಮುಟ್ಟೂದು, ಬೆಚ್ಚಗದ ಅನ್ನೂದು. ಬೆರಳಿನ ಕೆಂಪು ಏರೇದೋ ಇಳದದೋ ಅಂತ ಅತ್ತಿ ಕೂಡ ವಾದ ಮಾಡೂದು. ನಾ ಸುಮ್ಮನ ಕುಂತ್ರ ಮಾತಾಡು ವೈನಿ ಅಂತ ತಿವಿಯೂದು. ಹಂಗ ನನ್ನ ಜೀವ ಕಾಯೂ ಗದ್ದಲದಾಗ ತನ್ನ ಹೊಟ್ಟಿ ಮರತಳು. ಯಾವಾಗ ಆ ಕಲ್ಲು ಸಡಲಾತೋ ಆಕೀಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಅತ್ತಿ ಒಬ್ಬಾಕಿ ನೋಡಿದ್ದಳು. ದೇವರ ಮಾಡದ ಕಡೆ ತಿರುಗಿ ಕೈ ಮುಗದಳು.

ಮೋಡ ಮುಚ್ಚಿ ಹೊತ್ತು ಎಲ್ಲದ ಅಂತ ತಿಳಿಯಂಗಿದ್ದಿಲ್ಲ. ಬೆಳ್ಳಕ್ಕಿ ಕೆರಿ ನಡುವಿನ ಜಾಲಿಗಿಡಕ್ಕ ತಿರುಗಿ ಬರಾಕತ್ತಿದ್ವು. ಮುಳುಗೇದ ಅಂತ ಅತ್ತಿ, ಇನ್ನ ಇಲ್ಲ ಅಂತ ರೇಣವ್ವ. ಮಸೂತ್ಯಾಗ ಮಗ್ರಿಬ್ ಬಾಂಗ್ ಕೂಗಲಿ, ಅದು ಹೊತ್ತು ಮುಳುಗಿದ ಮ್ಯಾಲ ಕೂಗೂದು, ಅದರಾಗ ಸುಳ್ಳಿಲ್ಲ ಅಂದಳು ಖಾಜಾಬಿ. ನಾವು ನಾಕೂ ಮಂದಿ ಬಾಂಗಿಗೆ ಕಿವಿಗೊಟ್ಟು ಕುಂತಿವಿ. ನನ್ನ ಉಸಿರು ನನಗ ಕೇಳಸತಿತ್ತು. ಇದ ಕಡೀ ಉಸಿರೇನು, ಇದೇನು ಅಂತ ಒಂದೊಂದೂ ಬಿಡತಿದ್ದೆ.

ಬಾಂಗ್ ಕೂಗಿತು.

ನಾ ಕುಂತಿದ್ದೆ. ಖಾಜಾಬಿ ಸೆರಗಿನಿಂದ ತಲಿ ಮುಚ್ಚಿಕೊಂಡಳು. ಅತ್ತಿ ದೀಪ ಹಚ್ಚಾಕ ಕಡ್ಡಿ ಗೀರಿದಳು, ಅದು ಆರಿತು, ಮತ್ತ ಗೀರಿದಳು. ಅಂಜಿಕಿ ಒಮ್ಮಿಗೆ ಹೋಗೂದಿಲ್ಲ ನೋಡ್ರಿ. ಆಗ ನನ್ನ ಹಲ್ಲು ಕಟಕಟ ಬಡಿಯಾಕ ಹತ್ತಿದ್ವು.

ರೇಣವ್ವ ಯಾರ ಕೈನೂ ಹಿಡೀದ ಎದ್ದಳು. ಹರವಿಯಾಗ ತಂಬಿಗಿ ಅದ್ದಿದಳು, ಅದ ಹಿತ್ತಾಳಿ ಕಾವಲ ತಂಬಿಗಿ. ತಂದು ನನ್ನ ಬಾಯಿಗೆ ಹಿಡದಳು.

"ಹೊತ್ತು ಮುಳುಗೇದ ವೈನಿ. ಕುಡಿ."

ಮೊದಲ ನೀ ಕುಡಿ ಅಂದೆ. ಆಕಿ ಬಾಯಿಗೂ ಮುಂಜಾನಿಂದ ಹನಿ ಹೋಗಿದ್ದಿಲ್ಲ. ಆಕಿ ಒಂದು ಗುಟಕು ಕುಡದಳು, ಒಮ್ಮಿಗೆ ಹೊಟ್ಟಿ ಹಿಡಕೊಂಡು ನಿಂತಳು. ನನ್ನ ಜೀವ ಹೋದಂಗ ಆತು. ಆಕಿ ನಕ್ಕಳು. ಒದ್ಯಾಕತ್ತದ ವೈನಿ, ತಣ್ಣೀರಿಗೆ ಒದ್ಯಾಕತ್ತದ ಅಂದಳು. ನಾ ಆ ತಂಬಿಗಿ ಕಸಗೊಂಡು ಕೆರಿ ಮಣ್ಣಿನ ವಾಸನಿ ಹೊಡಿಯೋ ಆ ನೀರು ಗಟಗಟ ಕುಡದು, ಮಾರಿಗೆ ಸುರವಿಕೊಂಡು, ಅಳಾಕ ಹತ್ತಿದೆ. ಎಷ್ಟು ಅತ್ತೆ ಅಂದ್ರ ಅತ್ತಿ ಬಂದು ಕುಂತು ನನ್ನ ತಲಿ ಸವರಬೇಕಾತು.

ಮರುದಿನ ಹಳ್ಳ ಇಳೀತು. ನಮ್ಮವರು ಬಂದರು, ಬಂದ ಟಂಟಂದಾಗ ಇಬ್ಬರನ್ನೂ ದವಾಖಾನಿಗೆ ಒಯ್ದರು. ಕೂಸಿಗೆ ಏನೂ ಆಗಿದ್ದಿಲ್ಲ, ತಿಂಗಳು ತುಂಬಿಸಿಕೊಂಡು ದೀಪಾವಳಿ ಹಟ್ಟಿಹಬ್ಬದ ಹೊತ್ತಿಗೆ ಹುಟ್ಟಿತು. ಹೆಣ್ಣು. ಅವ್ವನ ಬಾಯಿನ ಬಂದದ ಅದಕ್ಕ. ಈಗ ದೊಡ್ಡಾಕಿ ಆಗ್ಯಾಳ, ಬೋನಾಳಕ್ಕ ಹೋದಾಗೆಲ್ಲ ಹಾವರಾಣಿ ಹಿಡದು ಅಂಗೈಮ್ಯಾಲ ಇಟಗೊಂಡು ಸೋದರಮಾಮಿ, ಬಾ ನೋಡು ಅಂತ ನನ್ನ ಮುಂದ ತರತಾಳ. ನಾ ಹೊರಸು ಏರತೀನಿ. ರೇಣವ್ವ ಮಗಳಿಗೆ ಬೈತಾಳ. ಯಾರ ಮುಂದ ಆಟ ಆಡಾಕತ್ತೀ, ಆ ಹೆಣಮಗಳು ಅದನ್ನ ಕೈಯಾಗ ಹಿಡದಾಕಿ ಅಂತಾಳ. ಹುಡುಗಿ ನಂಬೂದಿಲ್ಲ. ಹೊರಸಿನ ಮ್ಯಾಲ ನಿಂತಾಕಿನ್ನ ನೋಡಿ ಯಾರು ನಂಬತಾರ?

ಮೊನ್ನಿ ಹೊಂಟಿದ್ದು ರೇಣವ್ವನ ಮನಿಗೇ. ನಾವು ಶಹಾಪುರಕ್ಕ ಬಂದು ಮೀನಿನ ಅಂಗಡಿ ಇಟ್ಟ ಮ್ಯಾಲ ಸುರಪುರಕ್ಕ ಹೋಗೂದ ಕಮ್ಮಿ ಆಗೇದ. ಮಳಿ ನಿಂತಿತು, ಬಸ್ಸು ಬಂತು. ಚಾಪಿಯಾಕಿ ತನ್ನ ಚಾಪಿ ಎತ್ತಗೊಳ್ಳಾಕ ಬಂದಳು. ಯಾಕೋ ಮನಸು ತಡೀಲಿಲ್ಲ, ಒಂದು ಕೊಂಡೆ. ಹಸಿ ಚಾಪಿ, ಸುರುಳಿ ಸುತ್ತಿದ್ದು. ಬಸ್ಸಿನಾಗ ಕಾಲ ಹತ್ತರ ನಿಲ್ಲಿಸಿಕೊಂಡೆ. ಆ ಸುರುಳಿಯೊಳಗ ಏನದ ಅಂತ ಯಾರಿಗೆ ಗೊತ್ತು?

ಕಚ್ಚಿದ್ರ ಏನೂ ಆಗೂದಿಲ್ಲ. ಅದು ನನಗ ಗೊತ್ತದ, ಈ ಸೀಮಿಯಾಗ ನನಗಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ಆದ್ರೂ ಚೀಲದಾಗಿನ ನೀರಿನ ಬಾಟಲಿ ತಗದು, ಮುಚ್ಚಳ ಬಿಚ್ಚಿ, ಸುರಪುರ ಬರೂತನಕ ಬಲಗೈಯಾಗ ಹಿಡಕೊಂಡ ಕುಂತೆ.